ಗಾಡಿ ಹಗುರಾಗಲಿ, ದಾರಿ ಉಳಿಯಲಿ

ಐವತ್ತರ ಆಸುಪಾಸಿನ ಮಾಷ್ಟ್ರೊಬ್ಬರು ಬೈಕು ಮಾರಿ ಸ್ಕೂಟರ್ ತೆಗೆದುಕೊಂಡರೆ ನಮ್ಮ ಸ್ಟಾಫ್ ರೂಮುಗಳಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. "ಏನು ಮಾಷ್ಟ್ರೇ, ಇವತ್ತು ಮನೆಯವರ ಗಾಡಿಯಲ್ಲಿ ಬಂದದ್ದಾ?" ಎಂದು ಒಬ್ಬರು ಶುರು ಮಾಡುತ್ತಾರೆ. "ಪ್ರಾಯ ಆಯ್ತಲ್ಲ, ಇನ್ನು ಅದೇ ಗತಿ" ಎಂದು ಇನ್ನೊಬ್ಬರು ಸೇರಿಸುತ್ತಾರೆ. ಎಲ್ಲರೂ ನಗುತ್ತಾರೆ. ಗಾಡಿ ಬದಲಿಸಿದವರೂ ನಗುತ್ತಾರೆ. ಆದರೆ ಬದಲಿಸಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ ಮೂರನೆಯವರು ಆ ಯೋಚನೆಯನ್ನು ಇನ್ನೂ ಎರಡು ವರ್ಷ ಮುಂದಕ್ಕೆ ಹಾಕುತ್ತಾರೆ. ಆ ಎರಡು ವರ್ಷದ ಬಗ್ಗೆಯೇ ನನ್ನ ತಕರಾರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಯ ಆಗುತ್ತಾ ಬಂದವರು ಹಗುರವಾದ ಗಾಡಿಗೆ ಬದಲಾಗಬೇಕು. ಅದೂ ಬಿದ್ದ ಮೇಲೆ, ಮೊಣಕಾಲು ಕೈಕೊಟ್ಟ ಮೇಲೆ ಅಲ್ಲ, ಕೈಕಾಲು ಗಟ್ಟಿ ಇರುವಾಗಲೇ. ಸುರಕ್ಷತೆ ಒಂದು ಕಾರಣ, ನಿಜ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಭಾರದ ಗಾಡಿ ನಮ್ಮಿಂದ ಮೊದಲು ಕಸಿದುಕೊಳ್ಳುವುದು ವೇಗವನ್ನಲ್ಲ, ನಾವು ಹೋಗುವ ಮನೆಗಳನ್ನು. ಇದು ಹೇಗೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಕಾಸರಗೋಡಿನ ನೆಲ ಹೇಗಿದೆಯೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಎರಡು ಮಾತು. ಕಡಲಿನಿಂದ ಸ್ವಲ್ಪ ಒಳಗೆ ಬಂದರೆ ಗುಡ್ಡೆ, ಗುಡ್ಡೆಯ ಮೇಲೆ ಪದವು, ಕೆಳಗೆ ತೋಟ, ಮತ್ತೆ ಗುಡ್ಡೆ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ದೇಲಂಪಾಡಿ, ಎಲ್ಲಿಗೆ ಹೋದರೂ ಇದೇ ಕತೆ. ನಂದಾರಪದವಿನಿಂದ ಶುರುವಾಗುವ ಮಲೆನಾಡು ಹೆದ್ದಾರಿ ಬಂದ ಮೇಲೆ ದೊಡ್ಡ ರಸ್ತೆಯೇನೋ ಚೆನ್ನಾಗಿದೆ. ಆದರೆ ಮನೆಗಳಿರುವುದು ದೊಡ್ಡ ರಸ್ತೆಯ ಬದಿಯಲ್ಲಲ್ಲ. ಅಲ್ಲಿಂದ ಕವಲೊಡೆದು ಇಳಿಯುವ ಕಾಂಕ್ರೀಟು ದಾರಿ, ಆಮೇಲೆ ಮುರಕಲ್ಲಿನ ದಾರಿ, ಕೊನೆಗೆ ತೋಟದ ಬದಿಯ ಕಟ್ಟಪುಣಿ. ಅಲ್ಲಿಗೆ ಬಸ್ಸಿಲ್ಲ. ಆಟೋದವರು ಹೋಗುವುದಕ್ಕೆ ನೂರು ಸಲ ಯೋಚಿಸುತ್ತಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ಬೇರೆ. ಜೂನ್ ಕಳೆಯುವುದರೊಳಗೆ ಕಲ್ಲಿನ ಮೇಲೆಲ್ಲ ಹಾವಸೆ.

ಈಗ ಶಾಲೆಗೆ ಬರೋಣ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕದ ಮೇಲೆ ಹುದ್ದೆಗಳು ನಿರ್ಧಾರವಾಗುತ್ತವೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಒಂದೆರಡು ಮಕ್ಕಳು ಹೆಚ್ಚು ಕಡಿಮೆ ಆಗುವುದೆಂದರೆ ಏನೆಂದು ಗೊತ್ತಲ್ಲ? ಆದ್ದರಿಂದಲೇ ಎಪ್ರಿಲ್-ಮೇ ತಿಂಗಳಲ್ಲಿ ನಾವು ಮನೆ ಮನೆ ಹತ್ತಿ ಇಳಿಯುವುದು. ಇಂಗ್ಲಿಷ್ ಮಾಧ್ಯಮದ ವ್ಯಾನು ಮನೆಯ ಹತ್ತಿರದವರೆಗೆ ಬರುತ್ತದೆ. ನಮ್ಮ ಕಡೆಯಿಂದ ಹೋಗುವುದು ಟೀಚರ್ ಮತ್ತು ಅವರ ದ್ವಿಚಕ್ರ ವಾಹನ.

ಇಲ್ಲಿ ಒಂದು ವಿಷಯ ಗಮನಿಸಿ. ಭಾರದ ಬೈಕಿರುವ, ಮೊಣಕಾಲು ನೋವಿರುವ ಹಿರಿಯ ಅಧ್ಯಾಪಕರು ಪಟ್ಟಿ ಹಿಡಿದು ಹೊರಡುತ್ತಾರೆ. ರಸ್ತೆ ಬದಿಯ ಹತ್ತು ಮನೆ ಆಗುತ್ತದೆ. ಹನ್ನೊಂದನೆಯದು ಕೆಳಗೆ ತೋಟದಲ್ಲಿದೆ. ಇಳಿದರೆ ಹತ್ತಬೇಕು. ಅಲ್ಲಿ ಗಾಡಿ ತಿರುಗಿಸಲು ಜಾಗ ಇದೆಯೋ ಇಲ್ಲವೋ. "ಅವರಿಗೆ ಫೋನ್ ಮಾಡಿದರೆ ಸಾಕು" ಎಂದು ಮನಸ್ಸು ಹೇಳುತ್ತದೆ. ಫೋನ್ ಮಾಡುತ್ತಾರೆ. ಆ ಕಡೆಯಿಂದ "ನೋಡುವಾ ಮಾಷ್ಟ್ರೇ" ಎಂಬ ಉತ್ತರ ಬರುತ್ತದೆ. ಅಂಗಳದಲ್ಲಿ ಕುಳಿತು ಒಂದು ಲೋಟ ನೀರು ಕುಡಿದು ಹೇಳಿದ ಮಾತಿಗೂ ಫೋನಿನ ಮಾತಿಗೂ ಇರುವ ವ್ಯತ್ಯಾಸ ನಮ್ಮ ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ಆ ಮಾಷ್ಟ್ರಿಗೆ ಉತ್ಸಾಹ ಕಡಿಮೆಯಾದದ್ದಲ್ಲ. ಅವರು ಹೋಗಬಲ್ಲ ಊರು ಸಣ್ಣದಾದದ್ದು.

ನಿವೃತ್ತರ ವಿಷಯವೂ ಹೀಗೆಯೇ. ಇಲ್ಲಿ ಸರಕಾರಿ ಅಧ್ಯಾಪಕರು 56ಕ್ಕೆ ನಿವೃತ್ತರಾಗುತ್ತಾರೆ. 2013ರ ಎಪ್ರಿಲ್ ನಂತರ ಸೇರಿದವರಿಗೆ ಮಾತ್ರ 60. ಅಂದರೆ ಒಳ್ಳೆಯ ಅನುಭವವಿರುವ, ಇನ್ನೂ ಗಟ್ಟಿಯಾಗಿರುವ ಎಷ್ಟೋ ಜನ ಮನೆಯಲ್ಲಿದ್ದಾರೆ. ಕಲೋತ್ಸವ ಬಂತೆಂದರೆ ಕನ್ನಡ ಕಂಠಪಾಠಕ್ಕೆ, ಭಾಷಣಕ್ಕೆ, ಯಕ್ಷಗಾನಕ್ಕೆ ಮಕ್ಕಳನ್ನು ತಯಾರು ಮಾಡುವವರು ಯಾರು? ಹೆಚ್ಚಿನ ಕಡೆ ಇವರೇ. ಸಂಜೆ ನಾಲ್ಕರ ಮೇಲೆ ಬಂದು ಆರು ಗಂಟೆಗೆ ಹೋಗುವವರಿಗೆ ಬಸ್ಸಿನ ಸಮಯ ಹೊಂದುವುದಿಲ್ಲ. ಅವರು ಗಾಡಿ ಬಿಟ್ಟ ವರ್ಷ ಆ ಶಾಲೆಯ ತಂಡವೂ ಸೊರಗುತ್ತದೆ.

ಹಾಗಾದರೆ ಭಾರ ಎಂದರೆ ಎಷ್ಟು? ಸ್ವಲ್ಪ ಗಣಿತ ಮಾಡೋಣ, ಮಾಷ್ಟ್ರ ಬರಹವಲ್ಲವೇ!

ರಾಯಲ್ ಎನ್‌ಫೀಲ್ಡ್‌ನ ಬುಲೆಟ್ 350 ಸುಮಾರು 195 ಕೆ.ಜಿ. ಪಲ್ಸರ್ 150 ಸುಮಾರು 148. ಹೋಂಡಾ ಯುನಿಕಾರ್ನ್ 140ರ ಹತ್ತಿರ. ಹೀರೋ ಸ್ಪ್ಲೆಂಡರ್ ಪ್ಲಸ್ 112. ಹೋಂಡಾ ಆಕ್ಟಿವಾ 110 ಸುಮಾರು 105. ಟಿವಿಎಸ್ ಜೆಸ್ಟ್ 103. ಯಮಾಹಾ ಫ್ಯಾಸಿನೊ 125 ಮತ್ತು ರೇ ಝಡ್‌ಆರ್ 125 ತಲಾ 99. ಟಿವಿಎಸ್ ಎಕ್ಸ್‌ಎಲ್ 100 ಮಾದರಿಗೆ ತಕ್ಕಂತೆ 86ರಿಂದ 89. ಇದೆಲ್ಲ ಪೆಟ್ರೋಲು, ಆಯಿಲು ಸೇರಿದ ತೂಕ. ಮಾದರಿ, ವರ್ಷ ನೋಡಿಕೊಂಡು ಒಂದೆರಡು ಕಿಲೋ ಆಚೀಚೆ ಇರಬಹುದು.

ಬುಲೆಟಿಗೂ ಆಕ್ಟಿವಾಕ್ಕೂ 90 ಕೆ.ಜಿ. ವ್ಯತ್ಯಾಸ. ತುಂಬಿದ ಅಡುಗೆ ಗ್ಯಾಸಿನ ಸಿಲಿಂಡರ್ ಒಂದು ಸುಮಾರು 30 ಕೆ.ಜಿ. ಇರುತ್ತದೆ. ಅಂದರೆ ಮೂರು ಸಿಲಿಂಡರ್! ಓಡುತ್ತಿರುವಾಗ ಈ ಮೂರು ಸಿಲಿಂಡರ್ ನಿಮಗೆ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ನೇರ ರಸ್ತೆಯಲ್ಲಿ ಭಾರದ ಗಾಡಿಯೇ ಹೆಚ್ಚು ಸ್ಥಿರ. ಭಾರ ಗೊತ್ತಾಗುವುದು ನಿಲ್ಲುವಾಗ, ನೂಕುವಾಗ, ತಿರುಗಿಸುವಾಗ, ಸ್ಟ್ಯಾಂಡ್ ಹಾಕುವಾಗ.

ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಇದು ಸಾಧಾರಣ ಏರು. ಅಲ್ಲಿ ಗಾಡಿಯನ್ನು ಹಿಂದೆ ಜಾರದಂತೆ ಹಿಡಿದುಕೊಳ್ಳಲು ಅದರ ತೂಕದ ಹತ್ತನೇ ಒಂದು ಪಾಲಿನಷ್ಟು ಬಲ ಬೇಕು. ಬುಲೆಟಿಗೆ ಹತ್ತೊಂಬತ್ತೂವರೆ ಕೆ.ಜಿ. ಎತ್ತುವಷ್ಟು. ಯುನಿಕಾರ್ನಿಗೆ ಹದಿನಾಲ್ಕು. ಆಕ್ಟಿವಾಕ್ಕೆ ಹತ್ತೂವರೆ. ಎಕ್ಸ್‌ಎಲ್‌ಗೆ ಒಂಬತ್ತು ಸಾಕು. ಇದು ಹಿಡಿದು ನಿಲ್ಲಲು ಮಾತ್ರ, ಮೇಲಕ್ಕೆ ನೂಕಲು ಇನ್ನೂ ಹೆಚ್ಚು. ಕಾಲ ಕೆಳಗೆ ಹಾವಸೆ ಇದ್ದರೆ ಆ ಬಲ ಹಾಕುವುದಕ್ಕೆ ಹಿಡಿತವೇ ಇರುವುದಿಲ್ಲ. ಜತೆಗೆ ಮಳೆಕೋಟು, ಹೆಲ್ಮೆಟು, ಹೆಗಲಲ್ಲಿ ಉತ್ತರ ಪತ್ರಿಕೆಯ ಚೀಲ.

ನಲುವತ್ತು ದಾಟಿದ ಮೇಲೆ ಸ್ನಾಯುಗಳ ಬಲ ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಒಂದೇ ಕಾಲಲ್ಲಿ ಸಮತೋಲನ ಕಾಯುವ ಶಕ್ತಿಯೂ ಹಾಗೆಯೇ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಎಲುಬಿನ ಗಟ್ಟಿತನ ಬೇಗ ಇಳಿಯುತ್ತದೆ. ನಿಂತಲ್ಲೇ ವಾಲಿ ಬಿದ್ದರೂ ಮಣಿಕಟ್ಟು ಮುರಿಯಬಹುದು. ಇಡೀ ದಿನ ನಿಂತು ಪಾಠ ಮಾಡುವ ನಮ್ಮ ಮೊಣಕಾಲುಗಳ ವಿಷಯ ಹೇಳುವುದೇ ಬೇಡ. ಬೈಕು ಹತ್ತಬೇಕಾದರೆ ಕಾಲನ್ನು ಸೀಟಿನ ಮೇಲಿಂದ ಬೀಸಬೇಕು. ಸ್ಕೂಟರಿನಲ್ಲಿ ನಡುವಿನಿಂದ ಕಾಲಿಟ್ಟು ಕೂತರಾಯಿತು. ಸೀರೆಯವರಿಗೂ ಪಂಚೆಯವರಿಗೂ ಇದೇ ಅನುಕೂಲ.

ಹಾಗೆಂದು ಸ್ಕೂಟರೆಂದರೆಲ್ಲ ಹಗುರ, ಸಣ್ಣ ಎಂಜಿನೆಂದರೆಲ್ಲ ಹಗುರ ಎಂದುಕೊಳ್ಳಬೇಡಿ. ಮೇಲಿನ ಪಟ್ಟಿಯನ್ನೇ ನೋಡಿ. 125 ಸಿ.ಸಿ.ಯ ಫ್ಯಾಸಿನೊ 110 ಸಿ.ಸಿ.ಯ ಆಕ್ಟಿವಾಕ್ಕಿಂತ ಹಗುರ. ಎಲೆಕ್ಟ್ರಿಕ್ ಎಂದರೆ ಹಗುರ ಎಂದು ತಿಳಿದವರೂ ಇದ್ದಾರೆ. ದೊಡ್ಡ ಬ್ಯಾಟರಿಯ ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಹೆಚ್ಚಿನವು 110ರಿಂದ 135 ಕೆ.ಜಿ. ತೂಗುತ್ತವೆ. ಪೆಟ್ರೋಲ್ ಸ್ಕೂಟರಿಗಿಂತ ಭಾರ. ಆದರೆ ಕೆಲವದರಲ್ಲಿ ಹಿಂದಕ್ಕೆ ಚಲಿಸುವ ರಿವರ್ಸ್ ಸೌಕರ್ಯ ಇದೆ, ಇಳಿಜಾರಿನ ಅಂಗಳದಲ್ಲಿ ಅದು ದೊಡ್ಡ ಉಪಕಾರ. ತೂಕ ಮತ್ತು ಸೌಕರ್ಯ ಎರಡನ್ನೂ ತಕ್ಕಡಿಗೆ ಹಾಕಿ.

ಇನ್ನೊಂದು ಜಾತಿಯ ಎಲೆಕ್ಟ್ರಿಕ್ ಗಾಡಿಗಳಿವೆ. ಲೈಸೆನ್ಸ್ ಬೇಡ, ನೋಂದಣಿ ಬೇಡ ಎಂದು ಜಾಹೀರಾತು ಬರುತ್ತದಲ್ಲ, ಅವು. ಕಾನೂನಿನ ಪ್ರಕಾರ ಅವುಗಳ ಮೋಟಾರು 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ತೀರಾ ಹಗುರ, ಹಿರಿಯರಿಗೆ ಹೇಳಿ ಮಾಡಿಸಿದ್ದು ಎನಿಸುತ್ತದೆ. ಆದರೆ ಸವಾರನೂ ಗಾಡಿಯೂ ಸೇರಿ 135 ಕೆ.ಜಿ. ಎಂದಿಟ್ಟುಕೊಂಡು ಅದೇ ಹತ್ತಕ್ಕೊಂದರ ಏರಿನಲ್ಲಿ ಲೆಕ್ಕ ಹಾಕಿ. 250 ವಾಟ್‌ನಿಂದ ಗಂಟೆಗೆ ಆರೇಳು ಕಿಲೋಮೀಟರ್ ವೇಗ ಬಂದರೆ ಹೆಚ್ಚು. ಬೇಗ ನಡೆಯುವವನು ಜತೆಗೇ ಬರಬಹುದು! ಜತ್ತ, ಅಕ್ಕಲಕೋಟೆಯಂಥ ಬಯಲು ಸೀಮೆಯ ನಮ್ಮ ಕನ್ನಡ ಬಂಧುಗಳಿಗೆ ಶಾಲೆ ಹತ್ತಿರವಿದ್ದರೆ ಇದು ಆದೀತು. ನಮ್ಮ ಗುಡ್ಡೆಗಳಿಗೆ ಆಗದು.

ಹಗುರದ ಗಾಡಿಯಲ್ಲಿ ತೊಂದರೆಯೇ ಇಲ್ಲವೇ ಎಂದು ಕೇಳಬಹುದು. ಇದೆ. ಸ್ಕೂಟರಿನ ಚಕ್ರ ಸಣ್ಣದು, 10 ಅಥವಾ 12 ಇಂಚಿನದು. ಬೈಕಿನ ಚಕ್ರ ದಾಟಿ ಹೋಗುವ ಹೊಂಡದಲ್ಲಿ ಇದು ಕೂತುಬಿಡುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಳಿಗೆ ಹಗುರದ ಗಾಡಿ ಅಲುಗಾಡುತ್ತದೆ. ಆರು ಪಥವಾದ ಕಡೆ ಸರ್ವಿಸ್ ರೋಡಿನಲ್ಲೇ ಹೋಗುವುದು ಒಳ್ಳೆಯದು. ಹಿಂದೆ ಒಬ್ಬರು ಕುಳಿತು, ಮುಂದೆ ಅಕ್ಕಿ ಚೀಲ ಇಟ್ಟರೆ ಏರಿನಲ್ಲಿ ಉಸಿರು ಕಟ್ಟುತ್ತದೆ. ದಿನಾ ಅರುವತ್ತು ಎಪ್ಪತ್ತು ಕಿಲೋಮೀಟರ್ ಹೆದ್ದಾರಿಯಲ್ಲೇ ಓಡುವವರಿಗೆ ಇದು ತಕ್ಕುದಲ್ಲ. ಆದರೆ ನಮ್ಮಲ್ಲಿ ಎಷ್ಟು ಜನ ಹಾಗೆ ಓಡುತ್ತಾರೆ ಹೇಳಿ? ಮನೆ, ಶಾಲೆ, ಪೇಟೆ, ಸೊಸೈಟಿ, ಮದುವೆ ಮನೆ. ಇಷ್ಟೇ ನಮ್ಮ ಲೋಕ.

ಇಲ್ಲೊಂದು ತಮಾಷೆ ಇದೆ. ಹಗುರವೂ ಆಗಬೇಕು, ದೊಡ್ಡ ಚಕ್ರವೂ ಬೇಕು ಎಂದರೆ ಸಿಗುವ ಗಾಡಿ ಎಕ್ಸ್‌ಎಲ್ 100. ಅದರದು 16 ಇಂಚಿನ ಚಕ್ರ. ಗೇರಿಲ್ಲ, ಕಾಲಿಡಲು ನಡುವೆ ಜಾಗವಿದೆ, ಸ್ವಿಚ್ ಒತ್ತಿದರೆ ಸ್ಟಾರ್ಟ್ ಆಗುವ ಮಾದರಿಯೂ ಇದೆ. ಕಡಿದಾದ ಏರಿನಲ್ಲಿ ನಿಧಾನ, ಒಬ್ಬರೇ ಹೋಗಬೇಕು, ಅಷ್ಟೆ. ಆದರೂ ಮಾಷ್ಟ್ರುಗಳು ಅದನ್ನು ಮುಟ್ಟುವುದಿಲ್ಲ. ಏಕೆ? ಅದು "ಮೀನಿನವರ ಗಾಡಿ"! ಬೆಳಗ್ಗೆ ಐದಕ್ಕೆ ಹೊರಟು ನಮ್ಮ ಎಲ್ಲ ಗುಡ್ಡೆಗಳ ಎಲ್ಲ ಅಂಗಳಗಳಿಗೆ ತಪ್ಪದೆ ಮುಟ್ಟುವವರು ಯಾವ ಗಾಡಿ ಆರಿಸಿಕೊಂಡಿದ್ದಾರೆ ಎಂಬುದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ? ಮನೆ ಮನೆಗೆ ಹೋಗುವುದರಲ್ಲಿ ಅವರು ನಮಗಿಂತ ಅನುಭವಿಗಳು.

ನಾನೂ ನಲುವತ್ತೈದು ದಾಟಿದವನು. ಕಳೆದ ವರ್ಷ 140 ಕಿಲೋದ ಬೈಕು ಕೊಟ್ಟು 99 ಕಿಲೋದ ಸ್ಕೂಟರಿಗೆ ಬಂದೆ. ಬಿದ್ದು ಏನೂ ಆಗಿರಲಿಲ್ಲ, ಡಾಕ್ಟರು ಹೇಳಿದ್ದೂ ಅಲ್ಲ. ಈ ಮೇ ತಿಂಗಳಲ್ಲಿ ಮನೆ ಭೇಟಿಗೆ ಹೋಗುವಾಗ ವ್ಯತ್ಯಾಸ ಗೊತ್ತಾಯಿತು. ಇಳಿಯುವ ಮೊದಲು "ತಿರುಗಿಸುವುದು ಹೇಗೆ" ಎಂಬ ಯೋಚನೆ ಬರುತ್ತಿರಲಿಲ್ಲ, ಅಷ್ಟೆ. ಆ ಯೋಚನೆ ಇಲ್ಲದಿದ್ದರೆ ದಿನಕ್ಕೆ ಎರಡು ಮೂರು ಮನೆ ಹೆಚ್ಚು ಆಗುತ್ತದೆ.

ಕೊಳ್ಳುವವರಿಗೆ ನನ್ನದೊಂದು ಸಲಹೆ. ಶೋರೂಮಿನ ಎದುರಿನ ಚಪ್ಪಟೆ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ತೀರ್ಮಾನ ಮಾಡಬೇಡಿ. ಓಡಿಸುವುದು ಎಲ್ಲ ಗಾಡಿಯಲ್ಲೂ ಸುಲಭವೇ. ಎಂಜಿನ್ ಆಫ್ ಮಾಡಿ ಹತ್ತು ಹೆಜ್ಜೆ ಹಿಂದಕ್ಕೆ ನೂಕಿ ನೋಡಿ. ಸೆಂಟರ್ ಸ್ಟ್ಯಾಂಡ್ ಮೂರು ಸಲ ಹಾಕಿ ತೆಗೆಯಿರಿ. ಸೀಟಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಸರಿಯಾಗಿ ಮುಟ್ಟುತ್ತದೆಯೋ ನೋಡಿ. ಬರೇ ಹೆಬ್ಬೆರಳ ತುದಿ ತಾಗಿದರೆ ಸಾಲದು. ನಮ್ಮ ಇಳಿಜಾರಿನಲ್ಲಿ ಒಂದು ಪಾದಕ್ಕೆ ನೆಲ ಯಾವಾಗಲೂ ಇನ್ನೂ ಎರಡಿಂಚು ಕೆಳಗಿರುತ್ತದೆ! ಆಮೇಲೆ ಮೈಲೇಜು, ಬಣ್ಣ ಕೇಳಿ. ಬ್ರೇಕಿನ ವಿಷಯದಲ್ಲಿ ಒಂದು ಸಮಾಧಾನ ಇದೆ. 2019ರ ಎಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಲ್ಲಿ ಕಂಬೈನ್ಡ್ ಬ್ರೇಕ್ ಕಡ್ಡಾಯವಾಗಿದೆ. ಸ್ಕೂಟರಿನ ಎಡಗೈಯ ಬ್ರೇಕು ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುತ್ತದೆ. ಹಳೆಯ ಗಾಡಿ ಕೊಳ್ಳುವವರು ಇದನ್ನು ನೋಡಿಕೊಳ್ಳಿ.

ಗಡಿನಾಡಿನ ನಮಗೆ ಮಾತ್ರ ಇರುವ ಒಂದು ತಲೆನೋವಿನ ಬಗ್ಗೆಯೂ ಹೇಳಬೇಕು. ಮಂಜೇಶ್ವರ ಕಡೆಯವರಿಗೆ ಮಂಗಳೂರು ಹತ್ತಿರ. ಅಲ್ಲಿ ಕನ್ನಡದಲ್ಲೇ ವ್ಯವಹಾರ ಮಾಡಬಹುದು. ಸೆಕೆಂಡ್ ಹ್ಯಾಂಡ್ ಸ್ಕೂಟರ್ ಒಳ್ಳೆಯದು ಸಿಕ್ಕಿತೆಂದು ಕೆಎ 19 ಗಾಡಿ ತಂದು ಹಾಗೆಯೇ ಓಡಿಸುವವರಿದ್ದಾರೆ. ಇನ್ನೊಂದು ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನೋಂದಣಿ ಮಾಡಿಸಬೇಕೆಂದು ಕಾನೂನಿದೆ. ಅಲ್ಲಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು ಕೆಎಲ್ 14 ಮಾಡಿಸಿಕೊಳ್ಳುವವರೆಗಿನ ಓಡಾಟ, ತೆರಿಗೆ ಎಲ್ಲ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಹೊಸದಾದರೆ ತಾತ್ಕಾಲಿಕ ನೋಂದಣಿಯಲ್ಲಿ ತಂದು ಇಲ್ಲೇ ನೋಂದಾಯಿಸುವುದು ಸುಲಭ.

ಲೈಸೆನ್ಸನ್ನೂ ಒಮ್ಮೆ ತೆಗೆದು ನೋಡಿ. 2019ರ ತಿದ್ದುಪಡಿಯ ಪ್ರಕಾರ ಐವತ್ತರಿಂದ ಐವತ್ತೈದರೊಳಗೆ ಲೈಸೆನ್ಸ್ ಮಾಡಿಸಿದವರಿಗೆ ಅಥವಾ ನವೀಕರಿಸಿದವರಿಗೆ ಅದು ಅರುವತ್ತರವರೆಗೆ ನಡೆಯುತ್ತದೆ. ಐವತ್ತೈದು ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನಲುವತ್ತು ದಾಟಿದವರೆಲ್ಲ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಕೊಡಬೇಕು. ಅದನ್ನು ಬರೇ ಸಹಿಯ ಶಾಸ್ತ್ರ ಮಾಡಿಕೊಳ್ಳದೆ ಕಣ್ಣು, ಕಿವಿ, ಮೊಣಕಾಲು ನಿಜವಾಗಿಯೇ ತೋರಿಸಿಕೊಂಡು ಬನ್ನಿ. ಗೇರಿನ ಬೈಕಿನ ಲೈಸೆನ್ಸ್ ಇದ್ದವರು ಗೇರಿಲ್ಲದ ಸ್ಕೂಟರ್ ಓಡಿಸಬಹುದು, ಬೇರೆ ಬೇಡ.

ಕೊನೆಯದಾಗಿ, ಮನೆಯವರಿಗೂ ಸ್ಟಾಫ್ ರೂಮಿನವರಿಗೂ ಎರಡು ಮಾತು.

ಅಪ್ಪನಿಗೆ ಅರುವತ್ತಾಯಿತು ಎಂದು ಮಕ್ಕಳು ಒಂದು ದಿನ ಬೈಕಿನ ಬೀಗದ ಕೈ ಎತ್ತಿಟ್ಟುಬಿಡುತ್ತಾರೆ. ಪ್ರೀತಿಯಿಂದಲೇ. "ಎಲ್ಲಿಗೆ ಬೇಕಾದರೂ ನಾನು ಬಿಡುತ್ತೇನೆ" ಎನ್ನುತ್ತಾರೆ. ಮಗ ಕೆಲಸಕ್ಕೆ ಬೆಂಗಳೂರಿಗೋ ದುಬಾಯಿಗೋ ಹೋಗಿರುತ್ತಾನೆ. ಆಮೇಲೆ ಬಿಡುವವರು ಯಾರು? ಭಾರದ ಗಾಡಿಯಿಂದ ನೇರ ಜಗಲಿಯ ಕುರ್ಚಿಗೆ ಇಳಿಸುವ ಬದಲು ನಡುವೆ ಒಂದು ಮೆಟ್ಟಿಲು ಇದೆ. ಹಗುರದ ಗಾಡಿ, ಹಗಲಿನ ಹೊತ್ತು, ಗೊತ್ತಿರುವ ದಾರಿ, ತಲೆಗೆ ಸರಿಯಾದ ಹೆಲ್ಮೆಟು. ಕಣ್ಣು ಮಂಜಾಗಿದ್ದರೆ, ತಲೆ ತಿರುಗುವ ತೊಂದರೆ ಇದ್ದರೆ ಯಾವ ಗಾಡಿಯೂ ಬೇಡ, ಅದು ಬೇರೆ ಮಾತು. ಉಳಿದವರನ್ನು ಬೇಗ ಇಳಿಸಬೇಡಿ.

ಸ್ಟಾಫ್ ರೂಮಿನ ನಗೆಯ ಬಗ್ಗೆ ಹೇಳುವುದಾದರೆ, "ಹೆಂಗಸರ ಗಾಡಿ" ಎಂಬ ಮಾತನ್ನು ನಾವು ಬಿಡಬೇಕು. ನಮ್ಮ ಶಾಲೆಗಳ ಟೀಚರುಗಳು ಇದೇ ಸ್ಕೂಟರುಗಳಲ್ಲಿ ಮಳೆಗಾಲ ಬೇಸಗೆ ಎನ್ನದೆ ಇದೇ ಗುಡ್ಡೆಗಳನ್ನು ಹತ್ತಿಳಿದು ಶಾಲೆ ನಡೆಸಿಕೊಂಡು ಬಂದಿದ್ದಾರೆ. ಮುಂದೆ ಮಗುವನ್ನು ನಿಲ್ಲಿಸಿಕೊಂಡು, ಹಿಂದೆ ಬಿಸಿಯೂಟದ ತರಕಾರಿ ಕಟ್ಟಿಕೊಂಡು ಬಂದವರೂ ಇದ್ದಾರೆ. ಅವರ ಗಾಡಿ ನಮಗೆ ಕಡಿಮೆಯಾಗುವುದು ಹೇಗೆ?

ಬರುವ ಎಪ್ರಿಲ್‌ನಲ್ಲಿ ಮತ್ತೆ ಮನೆ ಭೇಟಿ ಶುರುವಾಗುತ್ತದೆ. ಅದಕ್ಕೆ ಮೊದಲು ನಿಮ್ಮ ಶಾಲೆಯ ಹಿರಿಯರೊಬ್ಬರು ಗಾಡಿ ಬದಲಿಸುವ ಮಾತೆತ್ತಿದರೆ ನಗಬೇಡಿ. ಒಂದು ಭಾನುವಾರ ಅವರ ಜತೆ ಶೋರೂಮಿಗೆ ಹೋಗಿ, ಹಿಂದಕ್ಕೆ ನೂಕಿ ನೋಡಲು ಹೇಳಿ. ಈಗಾಗಲೇ ಬದಲಿಸಿದವರಿದ್ದರೆ ನಿಮ್ಮ ಅನುಭವ ಬರೆಯಿರಿ. ಯಾವ ಗಾಡಿ ಯಾವ ಏರಿಗೆ ಆಯಿತು, ಯಾವುದು ಆಗಲಿಲ್ಲ ಎಂದು ತಿಳಿದರೆ ಉಳಿದವರಿಗೂ ಉಪಕಾರವಾದೀತು.